ಎರಡೂವರೆ ಅಡಿ ಎಡಕ್ಕೆ

ಸಿದ್ಧಕಟ್ಟೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಕಳೆದ ತಿಂಗಳ ಐದನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆ ಹೊತ್ತಿಗೆ, ಹನೀಫಾರ ಹೋಟೆಲಿನ ಹಿಂಬಾಗಿಲಿಗೆ ಅಡ್ಡವಾಗಿ ಒಂಬತ್ತು ವರ್ಷಗಳಿಂದ ನೆಲೆನಿಂತಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು, ತನ್ನ ಮೇಲಿದ್ದ ಮೈದಾ ಚೀಲದ ಸಮೇತ, ಎರಡೂವರೆ ಅಡಿ ಎಡಕ್ಕೆ ಸರಿಯಿತು. ಹತ್ತೂ ಇಪ್ಪತ್ತಕ್ಕೆ ಅದು ಮರಳಿ ಬಲಕ್ಕೆ ಬಂತು. ನಡುವಿನ ಐದು ನಿಮಿಷ ಆ ಹೋಟೆಲಿನಲ್ಲಿ ಸುರಕ್ಷತೆ ನೆಲೆಸಿತ್ತು.

ಎಡಕ್ಕೆ ಸರಿಸಿದವನು ಶರೀಫ್. ಬಲಕ್ಕೆ ತಂದವರು ಸ್ವತಃ ಹನೀಫಾ; ಊರಿನ ಬಾಯಲ್ಲಿ ಹನೀಫಾಕ.

“ಬೆಂಕಿ ಬಿದ್ರೆ ಜನ ಎಲ್ಲಿಂದ ಓಡುವುದು ಹನೀಫಾಕ?”

“ಬಂದ ಬಾಗಿಲಿನಿಂದ. ಚಾದ ದುಡ್ಡು ಕೊಟ್ಟು.”

ಶರೀಫ್ ಹದಿನಾಲ್ಕು ವರ್ಷ ಸೌದಿಯ ಜುಬೈಲಿನಲ್ಲಿ ಸೇಫ್ಟಿ ಆಫೀಸರ್ ಆಗಿದ್ದವನು. ಮೂರು ಸಾವಿರ ಜನ ಕೆಲಸ ಮಾಡುವ ಕಡೆ ಅವನು ಕೈ ಎತ್ತಿದರೆ ಕ್ರೇನ್ ನಿಲ್ಲುತ್ತಿತ್ತು. ಈ ಸಲ ರಜೆಗೆ ಬಂದಾಗ ಐದು ವರ್ಷದ ಮಗಳು ಅವನ ಎದುರು ನಿಂತು, ಸ್ವಲ್ಪ ಹೊತ್ತು ನೋಡಿ, ಅವನ ಗಲ್ಲದ ಕೆಳಗೆ ಬೆರಳಿನಿಂದ ಎರಡು ಸಲ ಒತ್ತಿದಳು. ವಿಡಿಯೋ ಕಾಲ್ ಕಟ್ ಮಾಡುವ ಕೆಂಪು ಗುಂಡಿ ಅಲ್ಲೇ ಎಲ್ಲೋ ಇರಬೇಕೆಂದು ಅವಳ ಲೆಕ್ಕ. ಅಂದೇ ಶರೀಫ್ ಮರಳಿ ಹೋಗುವುದಿಲ್ಲವೆಂದು ನಿಶ್ಚಯಿಸಿದ. ಆದರೆ ಹೊಸ ಕರಾರಿನ ಕಾಗದ ಜುಬೈಲಿನಿಂದ ಬಂದಾಗಿತ್ತು. ಮೂವತ್ತನೇ ತಾರೀಕಿನ ಒಳಗೆ ಉತ್ತರ ಕೊಡಬೇಕು.

ಹೆಂಡತಿ ಫಾಹಿಮಾ ಮೂಡುಬಿದಿರೆಯಲ್ಲಿ ಬಿ.ಕಾಂ. ಮುಗಿಸಿದವಳು. ನಿಶ್ಚಯಗಳನ್ನು ಅವಳು ಸಹಿ ಇಲ್ಲದೆ ಸ್ವೀಕರಿಸುವವಳಲ್ಲ.

“ಊರಲ್ಲೇ ಸ್ವಂತ ಕನ್ಸಲ್ಟೆನ್ಸಿ ಅಂತೀರಲ್ಲ, ಮೂರು ಜನ ಗಿರಾಕಿ ತನ್ನಿ. ಬಾಯಿಮಾತಲ್ಲ, ಸಹಿ ಹಾಕಿದ ಮೂರು ಜನ. ಸಿಕ್ಕಿದ್ರೆ ಜುಬೈಲಿಗೆ ಬರುವುದಿಲ್ಲ ಅಂತ ನಾನೇ ಮೇಲ್ ಹಾಕ್ತೇನೆ. ಸಿಗದಿದ್ರೆ ಸೂಟ್‌ಕೇಸ್ ಸಹ ನಾನೇ ತುಂಬಿಸ್ತೇನೆ.”

ಶರೀಫ್ ಬಿ.ಸಿ.ರೋಡಿಗೆ ಹೋಗಿ ಐನೂರು ಕಾರ್ಡ್ ಮಾಡಿಸಿದ. ‘ಸ್ವತಂತ್ರ ಸುರಕ್ಷತಾ ಸಲಹೆಗಾರ’ ಎಂದು ಹಸಿರು ಅಕ್ಷರಗಳಲ್ಲಿ ಅಚ್ಚಾಗಿತ್ತು. ಮೊದಲ ಕಾರ್ಡ್ ಹನೀಫಾಕನಿಗೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬಗ್ಗಿಸಿ ನೋಡಿ, ನಾಲ್ಕು ಮಡಿಕೆ ಮಾಡಿ ಮೂರನೇ ಮೇಜಿನ ಕಾಲಿನ ಅಡಿಗೆ ಇಟ್ಟರು.

“ಕಾರ್ಡ್ ಒಳ್ಳೇದುಂಟು ಮಾರಾಯ. ಗಟ್ಟಿ. ನೋಡು, ಈ ಮೇಜು ಈಗ ಸೇಫ್.”

“ತಮಾಷೆ ಅಲ್ಲ ಹನೀಫಾಕ. ಇದು ನನ್ನ ಕೆಲಸ.”

“ಸಲಹೆ ಕೊಡುವುದು ಕೆಲಸವಾ? ಇಲ್ಲಿ ಚಾ ಕುಡಿಯುವವರೆಲ್ಲ ಅದನ್ನೇ ಮಾಡುವುದು. ಪಾಪ, ಅವರು ಕೈಯಿಂದ ದುಡ್ಡು ಕೊಟ್ಟು ಚಾ ಕುಡಿದು ಸಲಹೆ ಕೊಡ್ತಾರೆ. ನೀನು ಸಲಹೆ ಕೊಟ್ಟು ದುಡ್ಡು ಕೇಳ್ತೀಯಲ್ಲ!”

ಪ್ರಚಾರದ ಎರಡನೇ ಹಂತವಾಗಿ ಶರೀಫ್ ಜುಬೈಲಿನ ಹಳದಿ ಜಾಕೆಟ್, ಬಿಳಿ ಹೆಲ್ಮೆಟ್ ಧರಿಸಿ, ಅಳೆಯುವ ಟೇಪ್ ಹಿಡಿದು ಪೇಟೆಗಿಳಿದ. ಅಂಗಡಿ ಅಂಗಡಿಯ ಬಾಗಿಲಿನ ಅಗಲ ಅಳೆದು, ಅಪಾಯಗಳನ್ನು ಪುಕ್ಕಟೆಯಾಗಿ ತೋರಿಸಿಕೊಡುವುದು ಅವನ ಯೋಜನೆ. ಹತ್ತು ನಿಮಿಷದಲ್ಲಿ ಪೇಟೆಯ ಉದ್ದಕ್ಕೂ ಸುದ್ದಿ ಹಬ್ಬಿತು: ರಸ್ತೆ ಅಗಲ ಮಾಡುವವರು ಬಂದಿದ್ದಾರೆ! ಮುಂದಕ್ಕೆ ಚಾಚಿದ್ದ ಟಾರ್ಪಾಲಿನ ಮಾಡುಗಳನ್ನು ಜನ ಅವಸರದಿಂದ ಮಡಚಿದರು. ಬಟ್ಟೆ ಅಂಗಡಿಯ ನವಾಝ್ ಓಡಿಬಂದು, ತಣ್ಣಗಿನ ಎಳನೀರಿನ ಬೊಂಡ ಕೆತ್ತಿಸಿ ಕೈಗೆ ಕೊಟ್ಟು, ದನಿ ತಗ್ಗಿಸಿದ.

“ಸರ್, ನಮ್ಮದು ಎಷ್ಟು ಫೀಟ್ ಹೋಗ್ತದೆ?”

ಶರೀಫ್ ಬೊಂಡ ಕುಡಿದು ಹೆಲ್ಮೆಟ್ ತೆಗೆದ.

“ಅಯ್ಯೋ, ನೀನಾ!” ಎಂದ ನವಾಝ್. “ಬೊಂಡದ ದುಡ್ಡು ಕೊಟ್ಟು ಹೋಗು.”

ಹನ್ನೊಂದನೇ ತಾರೀಕಿನವರೆಗೆ ಶರೀಫ್ ಪುತ್ತಿಗೆಯ ಒಂದು ಅಕ್ಕಿ ಮಿಲ್ಲಿಗೂ ನಾರಾವಿಯ ಎರಡು ಅಂಗಡಿಗೂ ಹೋಗಿ ಬಂದ. ಮೂರೂ ಕಡೆ ಚಾ ಸಿಕ್ಕಿತು, ಸಹಿ ಸಿಗಲಿಲ್ಲ. ಹನ್ನೆರಡಕ್ಕೆ ಅವನು ಪದ್ಮಲತಾ ಅವರ ಸಭಾಭವನದ ಮೆಟ್ಟಿಲು ಹತ್ತಿದ.

ಪೇಟೆಯ ಒಂದು ತುದಿಯಲ್ಲಿ ಪದ್ಮಲತಾ ಅವರ ಸಭಾಭವನ, ಇನ್ನೊಂದು ತುದಿಯಲ್ಲಿ ಅವರ ತಮ್ಮ ಧನರಾಜರ ಸಭಾಭವನ. ಅಕ್ಕ ಜನರೇಟರ್ ತಂದರೆ ತಮ್ಮ ಅದಕ್ಕಿಂತ ದೊಡ್ಡದನ್ನು ತರುತ್ತಾರೆ. ತಮ್ಮ ಮದುಮಗಳ ಕೋಣೆಗೆ ಏಸಿ ಹಾಕಿಸಿದರೆ ಅಕ್ಕ ಅಡುಗೆಯವರ ಕೋಣೆಗೂ ಹಾಕಿಸುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಇಬ್ಬರೂ ಒಂದೇ ಕಾರಿನಲ್ಲಿ ಮೂಡುಬಿದಿರೆಯ ಬಸದಿಗೆ ಹೋಗಿ ಮನಸ್ಸು ಶಾಂತ ಮಾಡಿಕೊಂಡು ಬರುತ್ತಾರೆ. ಅದು ಸೋಮವಾರದವರೆಗೆ ಬಾಳುತ್ತದೆ.

ಶರೀಫ್ ಸಭಾಭವನ ಸುತ್ತಿ ಬಂದು ವರದಿ ಒಪ್ಪಿಸಿದ. “ಹನ್ನೊಂದು ತಪ್ಪು ಉಂಟು ಪದ್ಮಕ್ಕ.”

ಪದ್ಮಲತಾ ಒಂದನ್ನೂ ಕೇಳಲಿಲ್ಲ. “ತಮ್ಮನಲ್ಲಿ ಎಷ್ಟು?”

“ನೋಡಲಿಲ್ಲ.”

“ಮತ್ತೆ ಎಂತ ನೋಡಿದ್ದು ನೀನು? ಹೋಗಿ ಅವನದ್ದು ಸರಿಯಾಗಿ ಎಣಿಸಿ ಬಾ. ಫೀಸು ನಾನು ಕೊಡ್ತೇನೆ.”

ಶರೀಫ್‌ಗೆ ಮಂಡೆಬಿಸಿಯಾಯಿತು. ಒಬ್ಬರ ದುಡ್ಡಿನಲ್ಲಿ ಇನ್ನೊಬ್ಬರ ತಪ್ಪು ಹುಡುಕುವುದನ್ನು ಜುಬೈಲಿನಲ್ಲಿ ಯಾರೂ ಕಲಿಸಿರಲಿಲ್ಲ. ಆಗಲಿಕ್ಕಿಲ್ಲ ಎಂದು ಮನೆಗೆ ಬಂದು ಫಾಹಿಮಾಳಿಗೆ ಹೇಳಿದ. ಅವಳು ಪತ್ರೊಡೆಗೆಂದು ಕೆಸುವಿನ ಎಲೆಗೆ ಹಿಟ್ಟು ಸವರುತ್ತಿದ್ದಳು. ಎರಡು ಎಲೆ ಮುಗಿಸಿ ಹೇಳಿದಳು:

“ತಪ್ಪಿನ ಪಟ್ಟಿ ಯಾರ ಸಭಾಭವನವೋ ಅವರ ಕೈಗೆ ಮಾತ್ರ ಕೊಡಿ. ದುಡ್ಡು ಕೊಟ್ಟವರಿಗೆ ಬರೀ ನಂಬರ್ ಹೇಳಿ. ಇಬ್ಬರನ್ನೂ ಮೊದಲೇ ಕೇಳಿ, ಒಪ್ಪಿಸಿ, ಸಹಿ ತೆಗೊಳ್ಳಿ.”

“ಧನರಾಜಣ್ಣ ಒಪ್ಪುವುದುಂಟಾ?”

“ಅಕ್ಕನ ನಂಬರ್ ಸಿಗ್ತದೆ ಅಂದ್ರೆ ಅವರು ಹಾಲಿನ ಬೀಗದ ಕೈಯನ್ನೇ ಕೊಟ್ಟಾರು. ಮತ್ತೊಂದು, ಇನ್ನು ಮೇಲೆ ಪುಕ್ಕಟೆ ಒಂದು ಮಾತೂ ಇಲ್ಲ. ಸಹಿ ಆದ ಮೇಲೆ ಬಾಯಿ.”

ಪದ್ಮಲತಾ ಓದಿ ಸಹಿ ಹಾಕಿದರು, ಧನರಾಜರು ಓದದೆಯೇ ಹಾಕಿದರು. “ಅಕ್ಕನದ್ದು ನೂರರ ಮೇಲೆ ಇರಬಹುದು, ಅಲ್ವಾ?” ಎಂದು ಕೇಳಿದರು. ಅವರಲ್ಲೇ ಹದಿನಾಲ್ಕು ಸಿಕ್ಕಿತು.

ಹದಿನೇಳರ ಭಾನುವಾರ ಬಸದಿಗೆ ಹೋಗುವ ಕಾರಿನಲ್ಲಿ ಪದ್ಮಲತಾ ಅವರು ಕಿಟಕಿಯ ಹೊರಗೆ ನೋಡುತ್ತ, “ಹದಿನಾಲ್ಕಂತೆ” ಎಂದರು. ಧನರಾಜರು ಸ್ಟೇರಿಂಗ್ ಬಿಡದೆ, “ಹನ್ನೊಂದು ಏನು ಕಮ್ಮಿಯಾ?” ಎಂದರು. ಬಸದಿಯಲ್ಲಿ ಇಬ್ಬರೂ ಅಂದು ಕೂತಲ್ಲಿಂದ ಬೇಗ ಎದ್ದರು.

ಆ ವಾರ ಸಿದ್ಧಕಟ್ಟೆಯ ಎಲೆಕ್ಟ್ರಿಷಿಯನ್ ಬೇರೆ ಯಾರಿಗೂ ಸಿಗಲಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳು ಮಂಗಳೂರಿನಿಂದ ಎರಡು ಗಾಡಿಗಳಲ್ಲಿ ಬಂದು, ಒಂದು ಪೇಟೆಯ ಆ ತುದಿಗೆ, ಒಂದು ಈ ತುದಿಗೆ ಹೋದವು. ತಮ್ಮನದ್ದು ಒಂಬತ್ತಕ್ಕೆ ಇಳಿಯಿತು, ಅಕ್ಕನದ್ದು ಆರಕ್ಕೆ. ತಮ್ಮ ನಾಲ್ಕು, ಅಕ್ಕ ಎರಡು. ಶನಿವಾರ ಸಂಜೆಗೆ ಇಬ್ಬರದ್ದೂ ಒಂದೊಂದು ಉಳಿಯಿತು, ಮತ್ತು ಅದು ಇಳಿಯಲೊಲ್ಲದು. ಎರಡೂ ಕಡೆ ತುರ್ತು ಬಾಗಿಲಿಗೆ ಅಡ್ಡವಾಗಿ ನಿಂತಿದ್ದದ್ದು ತೀರಿಹೋದ ತಂದೆಯವರ ಆಳೆತ್ತರದ ಫೋಟೋ.

“ಅಪ್ಪನನ್ನು ಸರಿಸಿದವಳು ಅಂತ ನನಗೆ ಹೆಸರು ಬರುವುದು ಬೇಡ,” ಎಂದರು ಪದ್ಮಲತಾ.

“ಮೊದಲು ಅಕ್ಕ ಸರಿಸಲಿ,” ಎಂದರು ಧನರಾಜರು.

ಇಪ್ಪತ್ತನಾಲ್ಕರ ಭಾನುವಾರ ಇಬ್ಬರೂ ತಮ್ಮ ತಮ್ಮ ಸಭಾಭವನದಲ್ಲಿ ನಿಂತು, ಫೋನಿನಲ್ಲಿ ಒಂದು ಎರಡು ಮೂರು ಎಣಿಸಿ, ಏಕಕಾಲಕ್ಕೆ ಅಪ್ಪನನ್ನು ಸರಿಸಿದರು. ಎರಡೂ ಕಡೆಯ ತಪ್ಪು ಸೊನ್ನೆಯಾಯಿತು. ಶರೀಫ್ ಬಳಿ ಎರಡು ಸಹಿ ಇದ್ದವು. ಆರು ದಿನ ಉಳಿದಿತ್ತು, ಮೂರನೆಯವರು ಇರಲಿಲ್ಲ. ಫಾಹಿಮಾ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಒರೆಸಿಟ್ಟಳು. ಮಗಳು ಅದರೊಳಗೆ ಕೂತು ಇಳಿಯಲು ಒಪ್ಪಲಿಲ್ಲ.

ಅಷ್ಟರಲ್ಲಿ ಹನೀಫಾಕನ ಹೋಟೆಲಿನಲ್ಲಿ ನಂಬರಿನ ಮಾತೇ ಮಾತು. ರಿಕ್ಷಾದ ಅಸ್ಕರ್ ಗಾಜಿನ ಲೋಟ ಕೆಳಗಿಟ್ಟು ಕೇಳಿದ:

“ಪದ್ಮಕ್ಕನದ್ದು ಸೊನ್ನೆ. ಧನರಾಜಣ್ಣನದ್ದು ಸೊನ್ನೆ. ನಿಮ್ಮದೆಷ್ಟು ಹನೀಫಾಕ?”

“ನಮ್ಮದಕ್ಕೆ ನಂಬರ್ ಇಲ್ಲ.”

“ಎಣಿಸಿ ಮುಗಿಯಲಿಲ್ಲವಾ?”

ಹೋಟೆಲಿಗೆ ಹೋಟೆಲೇ ನಕ್ಕಿತು. ಮರುದಿನದಿಂದ ಗಿರಾಕಿಗಳು ಒಬ್ಬರಿಗೊಬ್ಬರು ಕಣ್ಣು ಹೊಡೆದುಕೊಂಡು ಬಾಗಿಲ ಹತ್ತಿರದ ಎರಡು ಮೇಜಿಗೇ ಮುತ್ತತೊಡಗಿದರು. ಅಲ್ಲಿ ಜಾಗ ಸಾಲದಿದ್ದರೆ ನಿಂತು ಕುಡಿದರು. ಹಿಂದಿನ ಆರು ಮೇಜುಗಳ ಮೇಲೆ ನೊಣಗಳು ನಿಶ್ಚಿಂತೆಯಿಂದ ಕೂತವು. “ಒಳಗೆ ಬನ್ನಿ ಮಾರಾಯ್ರೆ” ಎಂದು ಹನೀಫಾಕ ಕರೆದರೆ, “ಬೇಡ ಹನೀಫಾಕ, ಮಕ್ಕಳು ಸಣ್ಣವರು” ಎಂಬ ಉತ್ತರ ಬರುತ್ತಿತ್ತು.

ಇಪ್ಪತ್ತೊಂಬತ್ತು, ಶುಕ್ರವಾರ. ಜುಮಾ ನಮಾಝಿಗೆಂದು ಮುಚ್ಚಿದ ಹೋಟೆಲ್ ಮೂರು ಗಂಟೆಯಾದರೂ ತೆರೆದಿರಲಿಲ್ಲ. ಶರೀಫ್‌ನ ಫೋನ್ ಹೊಡೆಯಿತು; ಆ ಕಡೆ ಹನೀಫಾಕ.

“ಒಮ್ಮೆ ಬಂದು ಹೋಗು. ಎದುರಿಂದ ಬೇಡ, ಅಸ್ಕರ್ ರಿಕ್ಷಾ ಅಲ್ಲೇ ಉಂಟು. ಹಿಂದಿನಿಂದ ಬಾ. ಆ ಹಳದಿ ಅಂಗಿ ಹಾಕಬೇಡ.”

ಶರೀಫ್ ಹಿತ್ತಲಿನಿಂದ ಬಂದು ಹಿಂಬಾಗಿಲು ದೂಡಿದ. ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ನಿಂತಿತು.

“ಹನೀಫಾಕ, ಬಾಗಿಲು ತೆರೆಯುವುದಿಲ್ಲ.”

“ದೂಡು.”

“ದೂಡಿದೆ. ಎಂತದೋ ಅಡ್ಡ ಉಂಟು.”

ಆ ನಾಲ್ಕು ಬೆರಳಿನ ಸಂದಿಗೆ ಹನೀಫಾಕನ ಒಂದು ಕಣ್ಣು ಬಂತು.

“ಎಂತ ಅಂತ ನಿನಗೆ ಗೊತ್ತುಂಟಲ್ಲ?”

“ಗೊತ್ತುಂಟು. ಆದ್ರೆ ಹೇಳಿದ್ರೆ ಅದು ಸಲಹೆ ಆಗ್ತದೆ. ಸಹಿ ಆಗದೆ ಸಲಹೆ ಕೊಡುವ ಕ್ರಮ ಇಲ್ಲ.”

“ನಿನ್ನ ಕ್ರಮವೇ! ನಾನು ಎದುರಿನ ಶಟರ್ ತೆಗೆಯಲಾ ಹಾಗಾದ್ರೆ?”

“ತೆಗೀರಿ. ಅಸ್ಕರ್‌ಗೂ ಒಂದು ಚಾ ಹೇಳುವ.”

ಬಾಗಿಲ ಸಂದಿನಿಂದ ಒಂದು ಕೈ ಹೊರಗೆ ಬಂತು. ಶರೀಫ್ ಕಾಗದ ಕೊಟ್ಟ, ಪೆನ್ನು ಕೊಟ್ಟ. ಹನೀಫಾಕ ಮೈದಾ ಚೀಲದ ಮೇಲೆ ಇಟ್ಟು ಸಹಿ ಹಾಕಿದರು. ಕಾಗದ ಹಿಟ್ಟು ಮೆತ್ತಿ ಬೆಳ್ಳಗಾಗಿ ಮರಳಿತು.

“ಈಗ ಹೇಳು.”

“ಕುರ್ಚಿ, ಹನೀಫಾಕ. ಎರಡೂವರೆ ಅಡಿ ಎಡಕ್ಕೆ.”

ಕುರ್ಚಿ ಸರಿಯಿತು. ಮರುದಿನ ಬೆಳಿಗ್ಗೆ ಫಾಹಿಮಾ ಜುಬೈಲಿಗೆ ಮೇಲ್ ಕಳಿಸಿದಳು. ಶರೀಫ್ ಹೋಗಲಿಲ್ಲ.