ಕಣ್ಣಿಗೆ ಕಾಣದ ಕಲ್ಲುಪುಡಿ

ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ಯುವುದರಲ್ಲಿ ಅವನದು ಎತ್ತಿದ ಕೈ. ಭಾರದ ಚಪ್ಪಡಿ ಹೊತ್ತು ಸಲೀಸಾಗಿ ಮಹಡಿ ಹತ್ತುತ್ತಿದ್ದವನು ಈಗೀಗ ಬರಿಗೈಯಲ್ಲಿ ಬಂದರೂ ಮೆಟ್ಟಿಲ ನಡುವೆ ನಿಲ್ಲುತ್ತಿದ್ದ. ಯಾಕಿರಬಹುದು ಎಂಬುದು ಹೆಂಡತಿಯ ತಲೆ ಕೊರೆಯತೊಡಗಿತು.

"ಕೆಮ್ಮೂ ಬಿಡ್ತಿಲ್ವಲ್ರೀ. ಆ ಧೂಳಿಂದಾನಾ?"

"ಮೂಗಿಗೆ ಟವೆಲ್ ಕಟ್ಕೊತೀನಲ್ಲೇ. ಸುಮ್ನೆ ತಲೆ ತಿನ್ಬೇಡ."

ಅವಳು ಹೊಲಿಗೆಯವಳು. ಬಟ್ಟೆಯ ಮಾತು ಬಂದರೆ ಬಿಡುವವಳಲ್ಲ. ಒಗೆಯುವ ಮುಂಚೆ ಟವೆಲ್ ಬಿಡಿಸಿ ನೋಡಿದಳು. ಹೊರಗೆಲ್ಲ ಬಿಳಿ ಪುಡಿ, ಅದು ಸರಿ. ಮೂಗಿಗೆ ತಾಗುವ ಮಗ್ಗುಲು ತಿರುಗಿಸಿದರೆ ಅಲ್ಲೂ ಬಿಳಿ! ಬಟ್ಟೆ ತಡೆದಿದ್ದರೆ ಇದು ಇಲ್ಲಿಗೆ ಹೇಗೆ ಬಂತು? ಇಲ್ಲಿಂದ ಮುಂದೆ ಎಲ್ಲಿಗೆ ಹೋಯಿತು?

ಟವೆಲ್ ಹಿಡಿದೇ ಕೆಳಮನೆಯ ನರ್ಸಕ್ಕನ ಬಾಗಿಲು ತಟ್ಟಿದಳು.

"ಅಯ್ಯೋ, ಕೊಡವಬೇಡ ಮಾರಾಯ್ತಿ! ಮೊದಲು ನೆನೆಸು," ಎನ್ನುತ್ತಲೇ ನರ್ಸಕ್ಕ ಮೇಲೆ ಬಂದಳು. "ಅಣ್ಣಾ, ಕಲ್ಲಲ್ಲಿ ಸಿಲಿಕಾ ಅಂತ ಇರುತ್ತೆ. ನೀರು ಬಿಡದೆ ಒಣಕಲ್ಲು ಕೊಯ್ದರೆ ಕಣ್ಣಿಗೂ ಕಾಣದಷ್ಟು ಸಣ್ಣ ಪುಡಿಯಾಗಿ ಎದೆ ಆಳಕ್ಕೆ ಇಳಿಯುತ್ತೆ. ಕಾರ್ಖಾನೇಲಿ ಮಾಡಿದ ಕ್ವಾರ್ಟ್ಜ್ ಚಪ್ಪಡೀಲಂತೂ ಇನ್ನೂ ಜಾಸ್ತಿ."

"ಬಿಡಮ್ಮ, ಕಲ್ಲು ತಿಂದು ಕರಗಿಸೋ ವಯಸ್ಸು ನಂದು!"

"ಹೊಟ್ಟೆ ಕರಗಿಸೀತು, ಶ್ವಾಸಕೋಶ ಕರಗಿಸಲ್ಲ. ಅಲ್ಲೇ ಕೂತು ಗಾಯ ಮಾಡುತ್ತೆ. ಅದು ಮಾಯೋದಿಲ್ಲ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವಷ್ಟರಲ್ಲಿ ಕಣ್ಣಲ್ಲಿ ನೀರು. ಹೆಂಡತಿ ಬೆನ್ನು ನೀವಿದಳು.

ಮರುದಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಸಣ್ಣ ಸಣ್ಣ ಚುಕ್ಕೆಗಳ ಮೇಲೆ ಬೆರಳಿಟ್ಟು, "ಶುರುವಾಗಿದೆ. ಇದನ್ನ ಅಳಿಸೋಕಾಗಲ್ಲ. ಇನ್ನು ಧೂಳಿನ ಹತ್ತಿರ ಸುಳೀಬೇಡಿ, ಆಗಾಗ ಬಂದು ತೋರಿಸಿ," ಎಂದರು.

ಅವನು ಸೀದಾ ಕೆಲಸದ ಶೆಡ್ಡಿಗೆ ಹೋದ. ಹೆಂಡತಿಯೂ ಜೊತೆಗೆ ಹೋದಳು. ಧೂಳು ಏಳದಂತೆ ಇನ್ನು ನೀರು ಬಿಟ್ಟೇ ಕಲ್ಲು ಕೊಯ್ಯಿಸಿ ಎಂದು ಅವನು ಮಾಲೀಕನನ್ನು ಕೇಳಿದ.

"ನೀರು ಬಿಟ್ಟು ಕೊಯ್ದರೆ ನೆಲವೆಲ್ಲ ಕೆಸರಾಗುತ್ತಲ್ಲಯ್ಯ," ಎಂದು ಮಾಲೀಕ ರಾಗ ಎಳೆದ.

ಅವನು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ. "ಕೆಸರು ತೊಳೀಬಹುದು ಯಜಮಾನ್ರೇ. ಇದನ್ನ ತೊಳೆಯೋಕಾಗಲ್ವಂತೆ."

ಮಾಲೀಕ ಹತ್ತಿರ ಬಂದು ಆ ಚುಕ್ಕೆಗಳನ್ನು ನೋಡಿದ. ಆಮೇಲೆ ತನ್ನ ಎದೆಯನ್ನೊಮ್ಮೆ ಮುಟ್ಟಿಕೊಂಡ.

ಈಗ ಆ ಶೆಡ್ಡಿನಲ್ಲಿ ನೀರು ಹಾಯಿಸುವ ಯಂತ್ರಗಳೇ ಓಡುತ್ತವೆ. ಅವನು ಕೊಯ್ಯುವ ಕೆಲಸ ಬಿಟ್ಟು ಮನೆಮನೆಗೆ ಹೋಗಿ ಕಟ್ಟೆಯ ಅಳತೆ ತೆಗೆಯುತ್ತಾನೆ.

ಕಲ್ಲು ಕೊಯ್ಯುವ ಅಣ್ಣತಮ್ಮಂದಿರೇ, ಒಣಕಲ್ಲಿಗೆ ಬ್ಲೇಡ್ ಹಚ್ಚಬೇಡಿ. ನೀರಿದ್ದರೂ ಮುಖಕ್ಕೆ ಬಿಗಿಯಾಗಿ ಕೂರುವ, ಧೂಳು ತಡೆಯುವ ಮಾಸ್ಕ್ ಹಾಕಿ. ಪುಡಿಯನ್ನು ಒಣಗಿರುವಾಗ ಗುಡಿಸಬೇಡಿ, ಗಾಳಿ ಹೊಡೆದು ಹಾರಿಸಬೇಡಿ. ಕೆಲಸದ ಬಟ್ಟೆಯನ್ನು ಮಕ್ಕಳಿರುವ ಮನೆಗೆ ತರಬೇಡಿ. ಕೆಮ್ಮು ಬರಲಿ ಎಂದು ಕಾಯದೆ ಈಗಲೇ ಎದೆ ಪರೀಕ್ಷೆ ಮಾಡಿಸಿ. ಅಕ್ಕತಂಗಿಯರೇ, ಅವರು ಗದರಿದರೂ ಸರಿ, ಕೇಳುವುದನ್ನು ನಿಲ್ಲಿಸಬೇಡಿ.