ನೂರಾಹನ್ನೆರಡು ಝೀರೋ ಟಿಕೆಟ್

ಅಂಬಾದಾಸ ಪುಸ್ತಕ ಬರೆದದ್ದಕ್ಕೆ ಅವನ ಹೆಂಡತಿ ನೀಲಾಳ ಆಕ್ಷೇಪವೇನೂ ಇರಲಿಲ್ಲ. ಮೂವತ್ತೊಂದು ವರ್ಷ ತಿಕೋಟಾ, ಬಬಲೇಶ್ವರದ ಬಸ್ಸುಗಳಲ್ಲಿ ಕಂಡಕ್ಟರಿಕೆ ಮಾಡಿ ನಿವೃತ್ತನಾದ ಗಂಡಸು, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಗ್ಗರಣೆಗೆ ಸಲಹೆ ಕೊಡುವುದಕ್ಕಿಂತ ಬರೆಯುತ್ತ ಕೂರುವುದು ವಾಸಿ. ಅವಳ ಷರತ್ತು ಒಂದೇ.

“ಏನರ ಬರೀರಿ, ಯಾರ ಬಗ್ಗೆರ ಬರೀರಿ. ಗ್ರಾಚ್ಯುಟಿ ರೊಕ್ಕಕ್ಕ ಕೈ ಹಚ್ಚೂದಿಲ್ಲ ಅಂತ ನನ್ನ ತಲಿ ಮುಟ್ಟಿ ಹೇಳ್ರಿ.”

ಅಂಬಾದಾಸ ಮುಟ್ಟಿ ಹೇಳಿದ. ಹೇಳಿದ ಮೇಲೆ ಸ್ಟೇಷನ್ ರಸ್ತೆಯ ಓಣಿಯೊಂದರಲ್ಲಿದ್ದ ಅಬ್ದುಲಸಮದನ ಪ್ರೆಸ್ಸಿಗೆ ಹೋದ. ಪುಸ್ತಕಕ್ಕೆ ‘ಹಿಂದ ಜಾಗಾ ಐತ್ರಿ’ ಎಂದು ಹೆಸರಿಟ್ಟಿದ್ದ. ಅಬ್ದುಲಸಮದ ಹಸ್ತಪ್ರತಿಯ ಒಂದಕ್ಷರವನ್ನೂ ಓದದೆ, ಕೈಯಲ್ಲಿ ತೂಗಿ ನೋಡಿ, ನೂರಾ ನಲವತ್ನಾಲ್ಕು ಪುಟ, ಮುನ್ನೂರು ಪ್ರತಿ, ಮೂವತ್ತು ಸಾವಿರ ಎಂದ.

“ಮೂವತ್ತ ಸಾವಿರ ಎಲ್ಲಿಂದ ತರ್ಲಿ ಮಾರಾಯಾ?”

“ನೀವ್ ಯಾಕ ತರ್ತೀರಿ ಸಾಹೇಬ್ರ? ಓದವ್ರು ತರ್ತಾರ. ಇನ್ನೂರಾ ಐವತ್ತ ಮಂದಿ ಕಡಿಂದ ಮೊದಲ ನೂರಾ ಇಪ್ಪತ್ತ ಇಸ್ಕೊರ್ರಿ, ಪುಸ್ತಕ ತಾನ ಹೊರಗ ಬರತೈತಿ. ಉಳದ ಐವತ್ತ ಪ್ರತಿಗೆ ನೂರಾ ಐವತ್ತ ಹಾಕ್ರಿ. ಅದು ನಿಮ್ಮ ಚಹಾದ ಖರ್ಚು.”

ಅಂಬಾದಾಸನಿಗೆ ಈ ವ್ಯವಹಾರ ಹೊಸದೆನಿಸಲಿಲ್ಲ. ಮೊದಲು ದುಡ್ಡು, ಆಮೇಲೆ ಪ್ರಯಾಣ. ಅವನು ಬದುಕಿನುದ್ದಕ್ಕೂ ಮಾಡಿದ್ದು ಇದನ್ನೇ. ರಸೀದಿಯನ್ನು ಬಸ್ ಟಿಕೆಟಿನಷ್ಟೇ ಅಗಲಕ್ಕೆ ಅಚ್ಚು ಹಾಕಿಸಿದ. ಚರ್ಮದ ಹಳೆಯ ಚೀಲ ಹೆಗಲಿಗೇರಿಸಿದ. ಪೆನ್ಸಿಲ್ ತಾನಾಗಿಯೇ ಕಿವಿಯ ಮೇಲೆ ಹೋಗಿ ಕೂತಿತು.

ಗಂಡಸರು ಬೇಗ ಕೊಟ್ಟರು. ತಿಕೋಟಾದ ಗೊಬ್ಬರದಂಗಡಿಯ ಗುರುಪಾದಯ್ಯ ನೂರಿಪ್ಪತ್ತು ಎಣಿಸಿಕೊಟ್ಟು, ರಸೀದಿಯನ್ನು ಟೇಬಲ್ಲಿನ ಗಾಜಿನಡಿ ಸೇರಿಸಿ, “ಪುಸ್ತಕ ಯಾವಾಗರ ಕೊಡ್ರಿ. ಕೊಡದಿದ್ರೂ ನಡೀತೈತಿ” ಎಂದ. ಉದಾರವಾದ ಮಾತೇ. ಆದರೆ ಅದನ್ನು ಕೇಳಿದ ಲೇಖಕನಿಗೆ ಅಂಗಡಿಯ ಯೂರಿಯಾ ವಾಸನೆ ಸ್ವಲ್ಪ ಜಾಸ್ತಿಯಾದಂತೆನಿಸಿತು.

ತೊಡಕು ಶುರುವಾದದ್ದು ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ. ಲಕ್ಕವ್ವ ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ದಿನಾ ಬೆಳಿಗ್ಗೆ ಇನ್ನೂರು ಜೋಳದ ರೊಟ್ಟಿ ಬಡಿದು ವಿಜಯಪುರದ ಖಾನಾವಳಿಗಳಿಗೆ ಒಯ್ಯುವ ಹೆಂಗಸು. ಅಂಬಾದಾಸನ ಬಸ್ಸಿನ ಖಾಯಂ ಗಿರಾಕಿ. ಅವಳ ಸುತ್ತ ಇನ್ನೂ ಹತ್ತಿಪ್ಪತ್ತು ಹೆಂಗಸರು.

“ಏ ಕಂಡಕ್ಟರಣ್ಣಾ, ರಿಟೈರಾಗಿ ಮತ್ತ ಏನ ಟಿಕೀಟ ಹರಿಯಾಕತ್ತೀ?”

“ಪುಸ್ತಕದ್ದು ಯಕ್ಕಾ. ನೂರಾ ಇಪ್ಪತ್ತ.”

“ಹೆಣ್ಮಕ್ಕಳಿಗೆ ಫ್ರೀ ಅಲ್ಲೇನೋ?”

ಹೆಂಗಸರೆಲ್ಲ ನಕ್ಕರು. ಅವಳು ಹೇಳಿದ್ದು ಚೇಷ್ಟೆಗೆ. ಆದರೆ ನೌಕರಿಯ ಕೊನೆಯ ವರ್ಷವಿಡೀ ಹೆಂಗಸರಿಗೆ ಉಚಿತ ಪ್ರಯಾಣದ ಝೀರೋ ಟಿಕೆಟ್ ಹರಿದು ಹರಿದು ಪಳಗಿದ ಕೈ ಅದು. ಚೇಷ್ಟೆ ಎಂದು ತಲೆಗೆ ತಿಳಿಯುವ ಮೊದಲೇ ಮೊತ್ತದ ಜಾಗದಲ್ಲಿ ಸೊನ್ನೆ ಬರೆದು ರಸೀದಿ ಹರಿದು ಕೊಟ್ಟುಬಿಟ್ಟಿತು. ಒಬ್ಬಳಿಗೆ ಕೊಟ್ಟ ಮೇಲೆ ಇನ್ನೊಬ್ಬಳಿಗೆ ಇಲ್ಲ ಅನ್ನುವುದು ಹೇಗೆ? ಸುದ್ದಿ ಅವನಿಗಿಂತ ಮೊದಲೇ ಬಬಲೇಶ್ವರ ಮುಟ್ಟಿತ್ತು. ಅಲ್ಲಿಯ ಹೆಂಗಸರು ಸಾಲು ಹಚ್ಚಿ ನಿಂತಿದ್ದರು.

ಇದರಲ್ಲಿ ಎಡವಟ್ಟಾಗಿದೆಯೆಂದು ಅಂಬಾದಾಸನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಪ್ರತಿ ಸಂಜೆ ಮನೆಯಲ್ಲಿ ಕೂತು, ಡಿಪೋದಲ್ಲಿ ಮಾಡುತ್ತಿದ್ದಂತೆಯೇ ಲೆಕ್ಕದ ಹಾಳೆ ತುಂಬುತ್ತಿದ್ದ. ರೊಕ್ಕದ ಟಿಕೆಟ್ ಒಂದು ಕಡೆ, ಚೀಲದ ರೊಕ್ಕಕ್ಕೆ ಪೈಸೆ ತಪ್ಪದೆ ತಾಳೆ. ಝೀರೋ ಟಿಕೆಟ್ ಇನ್ನೊಂದು ಕಡೆ. ಅದರ ದುಡ್ಡು ಕಂಡಕ್ಟರ್ ಕೇಳುವಂಥದ್ದಲ್ಲ, ಮೇಲಿನಿಂದ ಬರುವಂಥದ್ದು. ಹದಿನೆಂಟನೆಯ ದಿನ ಇನ್ನೂರಾ ಐವತ್ತನೆಯ ರಸೀದಿ ಹರಿಯಿತು. ಅಬ್ದುಲಸಮದನಿಗೆ ಫೋನ್ ಮಾಡಿ, ಕಾಗದ ತರಿಸು ಎಂದ. ಬಬಲೇಶ್ವರದಲ್ಲಿ ಬಿಡುಗಡೆಯ ದಿನವನ್ನೂ ಗೊತ್ತು ಮಾಡಿದ.

ಪ್ರೆಸ್ಸಿಗೆ ಹಣ ಕೊಡುವ ದಿನ ನೀಲಾ ಕಪಾಟಿನಿಂದ ಚೀಲ ತೆಗೆದುಕೊಟ್ಟಳು. “ಹದಿನಾರ ಸಾವಿರದ ಐನೂರಾ ಅರವತ್ತ ಐತಿ. ಉಳದದ್ದು?”

“ಝೀರೋ ಟಿಕೀಟಿಂದು ಬರೂದೈತಿ. ನೂರಾ ಹನ್ನೆರಡ ಅದಾವ.”

“ಯಾರ ಕೊಡ್ತಾರ?”

“ಸರ್ಕಾರ…” ಎಂದ ಅಂಬಾದಾಸ, ಮತ್ತು ಅಲ್ಲೇ ನಿಂತ.

ನೀಲಾ ಅವನ ಮುಖವನ್ನೇ ನೋಡಿದಳು. “ಯಾವ ಸರ್ಕಾರ್ರಿ? ಬರದವ್ರು ನೀವು, ಹರದವ್ರು ನೀವು. ಈ ಪುಸ್ತಕಕ್ಕ ಸರ್ಕಾರ ಅಂತಿದ್ರ ಅದೂ ನೀವ.” ಮತ್ತೆ ಸೇರಿಸಿದಳು, “ನನ್ನ ತಲಿ ಮುಟ್ಟೀರಿ, ನೆನಪಿರ್ಲಿ.”

ಮೂವತ್ತೊಂದು ವರ್ಷದಲ್ಲಿ ಅಂಬಾದಾಸನ ಚೀಲದಲ್ಲಿ ಒಂದು ರೂಪಾಯಿ ಕಡಿಮೆ ಬಿದ್ದದ್ದಿಲ್ಲ. ಈಗ ಹದಿಮೂರು ಸಾವಿರದ ನಾನೂರಾ ನಲವತ್ತು ಕಡಿಮೆ. ಪ್ರೆಸ್ಸಿನಲ್ಲಿ ಕಾಗದ ಬಂದು ಬಿದ್ದಿದೆ, ಬಿಡುಗಡೆಗೆ ಇಪ್ಪತ್ತು ದಿನ ಇದೆ. ಪುಸ್ತಕ ನಿಂತರೆ ರೊಕ್ಕ ಕೊಟ್ಟ ನೂರಾ ಮೂವತ್ತೆಂಟು ಮಂದಿಗೂ ಮುಖ ತೋರಿಸುವ ಹಾಗಿಲ್ಲ. ಮಾರನೆಯ ದಿನ, ಟಿಕೆಟ್ ಕೊಟ್ಟ ಮೇಲೆ ದುಡ್ಡು ಕೇಳುವ ಮೊಟ್ಟಮೊದಲ ಕಂಡಕ್ಟರಾಗಿ ತಿಕೋಟಾಕ್ಕೆ ಇಳಿದ.

“ಯಕ್ಕಾ, ಅದು… ಆ ಪುಸ್ತಕದ ನೂರಾ ಇಪ್ಪತ್ತ…”

ಲಕ್ಕವ್ವ ರವಿಕೆಯೊಳಗಿಂದ ರಸೀದಿ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. “ಇದೇನು? ನಿನ್ನ ಕೈಲೇ ಬರದ ಸೊನ್ನಿ ಹೌದಲ್ಲ? ಹತ್ತಿಸ್ಕೊಂಡ ಮ್ಯಾಲ ನಡೂದಾರ್ಯಾಗ ಇಳಸ್ತೀಯೇನೋ?”

“ತಪ್ಪಾತಬೇ. ಅಚ್ಚ ಹಾಕಾಕ ರೊಕ್ಕ ಸಾಲವಲ್ದು.”

ಅವನು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಸ್ವಲ್ಪ ಕರಗಿದಳು. “ಹೋಗ್ಲಿ. ನಾ ಆ ಪುಸ್ತಕದಾಗ ಎಲ್ಲಿ ಬರ್ತೀನಿ, ಅದನ್ನರ ಹೇಳು.”

ಅಂಬಾದಾಸ ಮನಸ್ಸಿನಲ್ಲೇ ನೂರಾ ನಲವತ್ನಾಲ್ಕು ಪುಟ ತಿರುವಿದ. ಸಿಟ್ಟಿನ ಡ್ರೈವರ್ ಇದ್ದ. ಡಿಪೋ ಮ್ಯಾನೇಜರರು ಮೂರು ಮಂದಿ ಇದ್ದರು. ಹರಿದ ನೋಟಿನ ಮಾಸ್ತರ, ಬಾಗಿಲಲ್ಲೇ ಜೋತಾಡುವ ಪಡ್ಡೆಗಳು, ಎಲ್ಲರೂ ಇದ್ದರು. ಹೆಂಗಸರು ಮಾತ್ರ ‘ಪ್ರಯಾಣಿಕರು’ ಎಂಬ ಒಂದೇ ಪದದಲ್ಲಿ ಒತ್ತಿಕೊಂಡು ಕೂತಿದ್ದರು.

“ನೀ… ಇಲ್ಲ” ಎಂದ.

“ಇಲ್ಲ?” ಲಕ್ಕವ್ವ ಎದ್ದು ನಿಂತಳು. “ಇಪ್ಪತ್ತಾರ ವರ್ಷ ನಿನ್ನ ಗಾಡ್ಯಾಗ ಬಂದೀನಿ. ರೊಟ್ಟಿ ಬುಟ್ಟಿಗೆ ಲಗೇಜ ಹಚ್ಚಿ, ಅದ ಬುಟ್ಟ್ಯಾಗಿನ ರೊಟ್ಟಿ ತಿಂದೀ. ಅದನ್ನ ಬರದಿಲ್ಲ? ಬದನಿಕಾಯಿ ಪಲ್ಲೆ ಖಾರ ಆತಂತ ನನ್ನ ಸೆರಗಿಗೆ ಕಣ್ಣ ಒರಸ್ಕೊಂಡೀ. ಅದೂ ಬರದಿಲ್ಲ? ಮತ್ತ ಏನ ಬರದಿ, ಮೂರ್ಖಾ, ಡಿಪೋದ ಗ್ವಾಡಿ ಬಗ್ಗೆ ಬರದೀ?”

ಕೂತಿದ್ದ ಹೆಂಗಸರೂ ಎದ್ದರು. ನಮ್ಮದೂ ಇಲ್ಲೇನು ಎಂದು ಒಬ್ಬೊಬ್ಬರಾಗಿ ಕೇಳಿದರು. ಯಾರದೂ ಇರಲಿಲ್ಲ. ಇಡೀ ಬಸ್‌ಸ್ಟ್ಯಾಂಡು ಅವನನ್ನು ಜೇಬುಗಳ್ಳನನ್ನು ನೋಡಿದಂತೆ ನೋಡಿತು.

ಲಕ್ಕವ್ವ ಎಲೆಯಡಿಕೆ ಸಂಚಿಯಿಂದ ನೂರಾ ಇಪ್ಪತ್ತು ತೆಗೆದಳು. “ತಗೊ. ಪುಕ್ಕಟ ಅಂತ ನೀ ನಮ್ಮನ್ನ ಹೊರಗ ಇಟ್ಟೀ. ಈಗ ಪೂರಾ ಟಿಕೀಟು. ಬರಕೊ, ನಾ ಹೇಳ್ತೀನಿ.”

ಹೇಳಿದಳು. ಎರಡು ಬಸ್ ತಪ್ಪಿಸಿಕೊಂಡು ಹೇಳಿದಳು. ಎಂಟು ದಿನದಲ್ಲಿ ನೂರಾ ಹನ್ನೆರಡು ಸೊನ್ನೆಗಳೂ ನೂರಿಪ್ಪತ್ತಾದವು, ಅಂಬಾದಾಸನ ಎರಡು ನೋಟಬುಕ್ಕು ತುಂಬಿದವು. ಎರಡು ಸಾಲು ಬರೆಸಿದರೆ ಸಾಕೆಂದುಕೊಂಡವನಿಗೆ ಒಬ್ಬಳೂ ಎರಡು ಸಾಲಿನಲ್ಲಿ ಮುಗಿಯಲಿಲ್ಲ. ಬಬಲೇಶ್ವರದ ಸೀತವ್ವ, “ನೆಗೆಣ್ಣಿ ಇರೂ ಪುಟದಾಗ ನನ್ನ ಕೂಡಸಬ್ಯಾಡ, ಸಾಯೂತನಕ ಮಾತ ಬಿಟ್ಟೇವಿ” ಎಂದು ಆಣೆ ಹಾಕಿಸಿದಳು. ತಾನು ಬರೆದದ್ದರಲ್ಲಿ ಈ ಎರಡು ನೋಟಬುಕ್ಕುಗಳೇ ಚೆನ್ನಾಗಿವೆಯೆಂದು ಅಂಬಾದಾಸನಿಗೆ ಗೊತ್ತಾಯಿತು. ತಾನು ಬರೆದದ್ದಲ್ಲ ಎಂಬುದೂ ಗೊತ್ತಾಯಿತು.

ಅಬ್ದುಲಸಮದ ಹೊಸ ಕಟ್ಟನ್ನೂ ಕೈಯಲ್ಲಿ ತೂಗಿದ. “ಎರಡನೂರಾ ಎಂಟ ಪುಟ ಆತು. ಒಂಬತ್ತ ಸಾವಿರ ಹೆಚ್ಚಿಗಿ ಆಗ್ತೈತಿ, ಸಾಹೇಬ್ರ.”

“ಮೂವತ್ತ ಸಾವಿರ ಪೂರಾ ತಂದೀನಲ್ಲೋ!”

“ಅದು ಮೊದಲಿನ ಪುಸ್ತಕದ್ದು. ಇನ್ನ ಕೈಯಾಗ ಉಳದದ್ದು ಐವತ್ತ ಪ್ರತಿ. ಅವುಕ್ಕ ನೂರಾ ಎಂಬತ್ತರಂಗ ಹಾಕ್ರಿ, ಸಾಲ ಇಲ್ದಂಗ ಹೊಂದ್ತೈತಿ. ನಿಮ್ಮ ಚಹಾ ಹೋತು, ಅಷ್ಟ. ಬ್ಯಾಡಂದ್ರ ಹೆಂಗಸರ ಪುಟ ತಗೀರಿ.”

ಬಸ್ಸಿನಲ್ಲಿ ದರ ಏರಿಸುವುದು ಅಂಬಾದಾಸನ ಕೆಲಸವಾಗಿರಲಿಲ್ಲ. ಅದನ್ನು ಯಾರೋ ಎಲ್ಲೋ ಕೂತು ಮಾಡುತ್ತಿದ್ದರು. ಮರುದಿನ ಬೆಳಿಗ್ಗೆ ಬೈಗುಳ ತಿನ್ನುವುದಷ್ಟೇ ಅವನ ಪಾಲು. ಮೂವತ್ತೊಂದು ವರ್ಷ ಅವನು ಆಡಿದ ಮಾತು, ‘ನನ್ನ ಕೈಯಾಗ ಏನೈತ್ರಿ?’ ಇವತ್ತು ಆ ಮಾತಿಗೆ ಆಸ್ಪದವಿರಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮುಖಪುಟದ ಕರಡಿನಲ್ಲಿ 150ನ್ನು ಹೊಡೆದುಹಾಕಿ 180 ಎಂದು ಬರೆದ.

ಅಷ್ಟರಲ್ಲಿ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಲಕ್ಕವ್ವ ಪ್ರೆಸ್ಸಿನೊಳಗೆ ಬಂದಳು. ತೊರವಿಗೆ ಮದುವೆ ಮಾಡಿಕೊಟ್ಟ ಮಗಳು ನಂದಾಳಿಗೂ ಒಂದು ಪ್ರತಿ ಬೇಕಿತ್ತು.

“ನೂರಾ ಎಂಬತ್ತ” ಎಂದ ಅಂಬಾದಾಸ.

“ಹತ್ತ ದಿನದ ಹಿಂದ ನೂರಾ ಇಪ್ಪತ್ತಿತ್ತಲ್ಲೋ!”

“ನೀವೆಲ್ಲಾ ಭಾಳ ಹೇಳೀರಿ, ಪುಟ ಏರ್ಯಾವ.”

“ಹೇಳಿದ್ದು ನಮ್ಮ ಬಾಯಿ, ಸವದದ್ದು ನಮ್ಮ ನಾಲಿಗಿ. ನಿನಗ್ಯಾಕೋ ಹೆಚ್ಚಿಗಿ ರೊಕ್ಕ? ಯಾರ ಏರಿಸ್ಯಾರ ಇದನ್ನ?”

“ನಾನ ಏರಿಸೀನಿ” ಎಂದ ಅಂಬಾದಾಸ.

ಲಕ್ಕವ್ವ ಬುಟ್ಟಿ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಬೈಯಲು ಶುರುಮಾಡಿದಳು. ಅವನ ಸೀಟಿ, ಅವನ ಚಿಲ್ಲರೆ, ಅವನ ಮದುವೆಯ ದಿನದ ಪೇಟ, ಬ್ರೇಕು ಹಾಕಿದಾಗ ಅವನು ಕುಂಬಳಕಾಯಿ ಮೂಟೆಯ ಮೇಲೆ ಬಿದ್ದದ್ದು, ಒಂದನ್ನೂ ಬಿಡಲಿಲ್ಲ. ಬೈಯುತ್ತಲೇ ಒಂಬತ್ತು ಇಪ್ಪತ್ತರ ನೋಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಡಿದಳು. ಇದರಲ್ಲಿ ಅರ್ಧಕ್ಕರ್ಧ ಹೊಸ ಸಂಗತಿಗಳು. ಅಂಬಾದಾಸನ ಕೈ ಮೆಲ್ಲಗೆ ನೋಟಬುಕ್ಕಿನ ಕಡೆ ಸರಿಯಿತು.

ಅಬ್ದುಲಸಮದ ಅವನ ಬೆರಳ ನಡುವಿನಿಂದ ಪೆನ್ಸಿಲ್ ಕಿತ್ತುಕೊಂಡ.

“ಬ್ಯಾಡ್ರಿ ಸಾಹೇಬ್ರ. ಇನ್ನೊಂದ ಫಾರಂ, ಹದಿನಾರ ಪುಟ, ಏರಿದ್ರ ಬೆಲಿ ಇನ್ನೂರಾ ಇಪ್ಪತ್ತೈದ ಆಗ್ತೈತಿ. ಬಾಯಿಸಾಬ್, ನೀವು ಬೈರ್ರಿ, ಆದ್ರ ಹೊರಗ ನಿಂತ ಬೈರ್ರಿ” ಎಂದು ಹೇಳಿ, ಒಳಗೆ ಹೋಗಿ ಮಷೀನಿನ ಬಟನ್ ಒತ್ತಿದ.