ಚೀಟಿ ಯಂತ್ರ ನುಂಗಿದ ಮಾತು

ಆ ಲಾಂಡ್ರಿ ಅಂದ್ರೆ ಸಣ್ಣಪುಟ್ಟ ಲಾಂಡ್ರಿ ಅಲ್ಲ. ಒಂದು ದಿನಕ್ಕೆ ಅಲ್ಲಿ ಒಗೆಯೋ ಹಾಸುಗಳನ್ನ ಒಂದಕ್ಕೊಂದು ಗಂಟು ಹಾಕಿ ಚಂದ್ರನಿಂದ ಇಳಿಬಿಟ್ರೆ ಭೂಮಿ ಮುಟ್ಟಿ ಇನ್ನೂ ನೆಲ ಒರೆಸೋಷ್ಟು ಮಿಗ್ತಿತ್ತು. ಆಸ್ಪತ್ರೆ ಹಾಸು, ಹೋಟೆಲ್ ಮೇಜುಬಟ್ಟೆ, ಎಲ್ಲ ಅಲ್ಲೇ. ಯಾರ ಬಟ್ಟೆ ಯಾರಿಗೆ ಹೋಗ್ಬೇಕು ಅಂತ ನೆನಪಿಟ್ಕೊಳ್ಳೋದು ಗಂಜಿ ಮೂಟೆಗಳ ಹಿಂದಿನ ಕೋಣೇಲಿ ಕೂತಿದ್ದ ಒಂದು ಕಪ್ಪು ಪೆಟ್ಟಿಗೆ. ಸರ್ವರ್ ಅಂತಾರೆ ಅದಕ್ಕೆ. ಅದನ್ನ ನೋಡ್ಕೊಳ್ಳೋಳು ಪೆಟ್ಟಿಗೆಯಮ್ಮ. ಹೆತ್ತವರು ಇಟ್ಟ ಹೆಸರು ಒಂದಿತ್ತು, ಅದು ಲಾಂಡ್ರಿಗೆ ಬಂದ ಮೊದಲನೇ ವಾರದಲ್ಲೇ ಒಗೆದು ಹೋಯ್ತು.

ಅವಳ ಭಾವ, ಅಂದ್ರೆ ಅಕ್ಕನ ಗಂಡ, ಅಲ್ಲೇ ಚೀಟಿ ಮೇಜಿನ ಮುಂದೆ. ಒಗೆದ ಗಂಟಿನ ಅಂಚಲ್ಲಿ ಗೆರೆ ಗೆರೆ ಗುರುತು ಇರುತ್ತೆ. ಭಾವ ಅದನ್ನ ಒಂದು ಗಾಜಿನ ಕಣ್ಣಿಗೆ ತೋರಿಸಿದ್ರೆ, ಪಕ್ಕದ ಯಂತ್ರದಿಂದ ಯಾರದ್ದು ಅಂತ ಚೀಟಿ ಬರುತ್ತೆ. ಅಂಟಿಸೋದು, ಗಾಡಿಗೆ ಎಸೆಯೋದು. ಅಷ್ಟೇ ಕೆಲಸ.

ಅಂಥಾ ಕೆಲಸದಲ್ಲೂ ಎಡವಟ್ಟಾಯ್ತು. ಹೋಟೆಲಿನ ಹೂವಿನ ಮೇಜುಬಟ್ಟೆ ಆಸ್ಪತ್ರೆಗೆ ಹೋಗಿ, ಅದನ್ನೇ ಹೊದ್ದು ಮಲಗಿದ್ದ ರೋಗಿ, 'ಊಟ ಯಾವಾಗ ಬಡಿಸ್ತೀರಿ' ಅಂದನಂತೆ. ಒಂದು ಸಲ ಅಲ್ಲ, ದಿನಾ ಮಧ್ಯಾಹ್ನ ಇದೇ ಗೋಳು.

ಯಜಮಾನ ಭಾವನನ್ನ ಕರೆದು ಕೇಳಿದ, "ನಿದ್ದೆ ಮಾಡ್ಕೊಂಡು ಅಂಟಿಸ್ತೀಯೇನಯ್ಯ?"

"ಇಲ್ಲ ಯಜಮಾನ್ರೇ. ಊಟ ಆದ್ಮೇಲೆ ಯಂತ್ರ ಹಳೇ ಚೀಟಿನೇ ಮತ್ತೆ ಮತ್ತೆ ಉಗುಳುತ್ತೆ."

"ಊಟ ಆದ್ಮೇಲೆ ನಿನಗೆ ಕಣ್ಣು ಎಳೆಯುತ್ತೆ ಅನ್ನು, ಒಪ್ಕೋತೀನಿ. ವಾರ ಮುಗಿಯೋದ್ರೊಳಗೆ ಯಂತ್ರದ ತಪ್ಪು ಅಂತ ತೋರಿಸು. ಇಲ್ಲಾಂದ್ರೆ ಬೇರೆ ಕಡೆ ಕೆಲಸ ನೋಡ್ಕೋ."

ಸಂಜೆ ಅಕ್ಕ ಪೆಟ್ಟಿಗೆಯಮ್ಮನಿಗೆ ಫೋನ್ ಮಾಡಿದ್ಳು. "ನಿನ್ನ ಭಾವ ಅಷ್ಟೊಂದು ಪೆದ್ದಲ್ಲ ಕಣೇ."

"ಎಷ್ಟು ಪೆದ್ದು ಅಂತ ನಂಗೊತ್ತು ಅಕ್ಕ. ಇಷ್ಟಿಲ್ಲ, ನಿಜ. ನೋಡ್ತೀನಿ ಇರು."

ಪೆಟ್ಟಿಗೆಯೊಳಗೆ ಚೀಟಿಯ ಪ್ರೋಗ್ರಾಂ ಒಂದೇ ಅಲ್ಲ, ಇನ್ನೂ ನಾಲ್ಕಾರು ಇದಾವೆ. ಹಿಂಬಾಗಿಲಲ್ಲಿ ಪಾತ್ರೆ ತಿಕ್ಕೋರ ಹಾಗೆ ಮುಖ ತೋರಿಸ್ದೆ ದುಡೀತವೆ. ದುಡೀತಾ ವಟವಟ ಅಂತಾನೂ ಇರ್ತವೆ: ಗಂಟು ಬಂತು, ಚೀಟಿ ಹೋಯ್ತು, ಇನ್ನೊಂದು ಬಂತು. ಆ ವಟವಟಕ್ಕೆ ಲಾಗ್ ಅಂತಾರೆ. ಹಿಂದೊಂದು ಸಲ ಅದನ್ನೆಲ್ಲ ಬರೆದಿಟ್ಟು ಬರೆದಿಟ್ಟು ಪೆಟ್ಟಿಗೆ ಹೊಟ್ಟೆ ಬಿರಿದು ಮಲಗಿತ್ತು. ಆಗ ಪೆಟ್ಟಿಗೆಯಮ್ಮ ರೇಗಿ ಎಲ್ಲರ ಮಾತನ್ನೂ ಗಾಳಿಗೆ ತಿರುಗಿಸಿಬಿಟ್ಟಿದ್ಳು. ಹೇಳೋದು ಹೇಳ್ಕೊಳ್ಳಿ, ಕೇಳೋರು ಯಾರೂ ಇಲ್ಲ.

ಮಾರನೇ ದಿನ ಬೆಳಿಗ್ಗೆ ಚೀಟಿಯ ಪ್ರೋಗ್ರಾಮನ್ನ ತನ್ನ ಕಣ್ಣೆದುರಿಗೇ ಓಡಿಸಿದ್ಳು. ಅತ್ತೆ ಮುಂದೆ ಹೊಸ ಸೊಸೆ ಥರ, ಒಂದು ತಪ್ಪಿಲ್ಲ! ಪರದೆ ಮೇಲೆ ಸಾಲು ಸಾಲಾಗಿ ಒಪ್ಪಿಸ್ತು. ಮತ್ತೆ ಹಿಂಬಾಗಿಲಿಗೆ ಕಳಿಸಿ, ಈ ಸಲ ಅದರ ಮಾತೆಲ್ಲ ಒಂದು ಫೈಲಿಗೆ ಬೀಳೋ ಹಾಗೆ ಮಾಡಿದ್ಳು. ಮಧ್ಯಾಹ್ನ ಚೀಟಿ ತಪ್ಪಿತು. ಓಡಿಹೋಗಿ ಫೈಲ್ ತೆಗೆದ್ರೆ ಏನೂ ಇಲ್ಲ. ಒಂದಕ್ಷರ ಇಲ್ಲ.

"ನಿನ್ನ ಸಾಕ್ಷಿ ಮೂಗ ಕಣಮ್ಮ," ಅಂದ ಯಜಮಾನ, ಸುದ್ದಿ ಕೇಳಿ ಹೊಟ್ಟೆ ಕುಲುಕಿಸಿ ನಗ್ತಾ. "ನಿನ್ನ ಭಾವನೂ ಹಿಂಗೇ, ತೋರಿಸು ಅಂದ್ರೆ ಬಾಯಿ ಬಿಡಲ್ಲ."

ಪೆಟ್ಟಿಗೆಯಮ್ಮ ಕೋಣೆಗೆ ಹೋಗಿ ಗಂಜಿ ಮೂಟೆ ಮೇಲೆ ಕೂತು ಯೋಚಿಸಿದ್ಳು. ಆಮೇಲೆ ಹಣೆ ಚಚ್ಚಿಕೊಂಡ್ಳು. ಆ ಪ್ರೋಗ್ರಾಮಿನ ಬುದ್ಧಿ ಹಾಗೆ. ಎದುರಿಗೆ ಮನುಷ್ಯರು ಕೂತಿದ್ರೆ ಒಂದೊಂದು ಸಾಲೂ ಆಗಿಂದಾಗ್ಲೇ ಹೇಳುತ್ತೆ. ಫೈಲಿಗೆ ಅಂದ್ರೆ ಬಾಯಲ್ಲೇ ತುಂಬ್ಕೊಳ್ಳುತ್ತೆ, ಕೆನ್ನೆ ಉಬ್ಬಿದ ಮೇಲೆ ಒಂದೇ ಸಲ ಉಗುಳುತ್ತೆ. ನಡುವೆ ಯಾರಾದ್ರೂ ಕತ್ತು ಹಿಸುಕಿದ್ರೆ ಬಾಯಲ್ಲಿದ್ದದ್ದೆಲ್ಲ ಹೋಯ್ತು. ಆದ್ರೆ ಕತ್ತು ಹಿಸುಕಿದ್ದು ಯಾರು?

ಚೀಟಿ ಮೇಜಿಗೆ ಬಂದು ಕೇಳಿದ್ಳು, "ಭಾವ, ತಪ್ಪು ಚೀಟಿ ಬಂದಾಗ ನೀವೇನ್ ಮಾಡ್ತೀರಿ?"

"ಏನ್ ಮಾಡ್ಲಿ? ಈ ಕೆಂಪು ಗುಂಡಿ ಒತ್ತಿ ಆಫ್ ಮಾಡಿ ಆನ್ ಮಾಡ್ತೀನಿ. ನಿಮ್ಮಕ್ಕ ಟಿವಿಗೆ ಮಾಡಲ್ವಾ, ಹಂಗೆ."

"ಎಷ್ಟು ಸಲ?"

"ಸರಿಹೋಗೋ ತನಕ."

"ಆ ಗುಂಡಿ ಒತ್ತಿದ್ರೆ ಪೆಟ್ಟಿಗೆಯೊಳಗಿನ ಪ್ರೋಗ್ರಾಮೇ ಸಾಯುತ್ತೆ. ಅದು ನಿಮ್ಮ ಪರವಾಗಿ ಸಾಕ್ಷಿ ಹೇಳೋಕೆ ಬಾಯಿ ತುಂಬ ಮಾತಿಟ್ಕೊಂಡು ನಿಂತಿತ್ತು ಭಾವ. ದಿನಾ ನೀವೇ ಅದನ್ನ ಸಾಯಿಸಿದ್ದೀರಿ."

ಭಾವ ಗುಂಡಿ ನೋಡಿದ, ಬೆರಳು ನೋಡಿಕೊಂಡ. "ಮೊದಲೇ ಹೇಳೋದಲ್ವೇನಮ್ಮ?" ಅಂದ.

ಅವಳು ಹೋಗಿ ಅಪ್ಪಣೆ ಬದಲಾಯಿಸಿದ್ಳು: ಸಾಲು ಬಂದ ಕೂಡ್ಲೇ ಬರಿ, ಬಾಯಲ್ಲಿ ಇಟ್ಕೋಬೇಡ. ಇನ್ನೊಂದು ಕೆಲಸನೂ ಮಾಡಿದ್ಳು. ಈ ಪ್ರೋಗ್ರಾಮುಗಳ ಮಾತು ಒಂದು ಬಾಗಿಲಲ್ಲಿ ಬಂದ್ರೆ, ಏನಾದ್ರೂ ಕೆಟ್ಟಾಗಿನ ನರಳಾಟ ಇನ್ನೊಂದು ಬಾಗಿಲಲ್ಲಿ ಬರುತ್ತೆ. ಎರಡನ್ನೂ ಒಂದೇ ಫೈಲಿಗೆ ಹಾಯಿಸಿದ್ಳು. ಹಳೆ ಸಾಲುಗಳು ತಾವಾಗೇ ಅಳಿದು ಹೋಗ್ಲಿ ಅಂತ ಏರ್ಪಾಡು ಮಾಡಿದ್ಳು, ಪೆಟ್ಟಿಗೆ ಮತ್ತೆ ಹೊಟ್ಟೆ ಬಿರಿದು ಮಲಗಬಾರ್ದಲ್ಲ. ಭಾವನಿಗೆ, "ಗುಂಡಿ ಮುಟ್ಟಿದ್ರೆ ಅಕ್ಕನಿಗೆ ಹೇಳ್ತೀನಿ," ಅಂದ್ಳು.

ಮಾರನೇ ಮಧ್ಯಾಹ್ನ ಭಾವ ಎರಡೂ ಕೈ ಕಂಕುಳಲ್ಲಿಟ್ಕೊಂಡು ನಿಂತ. ಇತ್ತ ಫೈಲು ತುಂಬ್ತಾ ಹೋಯ್ತು. ಪೆಟ್ಟಿಗೆಯಮ್ಮ ಯಜಮಾನನನ್ನ ಕೋಣೆಗೆ ಕರೆದು, ಪರದೆ ಮೇಲಿದ್ದದ್ದನ್ನ ಆಡುಮಾತಲ್ಲಿ ಓದಿ ಹೇಳಿದ್ಳು:

"ಗಂಟು ಬಂತು, ಆಸ್ಪತ್ರೆ. ಚೀಟಿ ಹೋಯ್ತು. ಗಂಟು ಬಂತು, ಗುರುತು ಕಾಣ್ತಿಲ್ಲ. ಮತ್ತೆ ನೋಡಿದೆ, ಕಾಣ್ತಿಲ್ಲ. ಹಿಂದಿನ ಹೆಸರೇ ಹಾಕ್ತೀನಿ, ಆಸ್ಪತ್ರೆ. ಗಂಟು ಬಂತು, ಕಾಣ್ತಿಲ್ಲ. ಆಸ್ಪತ್ರೆ. ಕಾಣ್ತಿಲ್ಲ. ಆಸ್ಪತ್ರೆ..."

"ಸಾಕು ನಿಲ್ಸಮ್ಮ. ಯಾಕೆ ಕಾಣ್ತಿಲ್ವಂತೆ?"

"ಅದು ಇದಕ್ಕೆ ಗೊತ್ತಿಲ್ಲ. ಬನ್ನಿ, ಅಲ್ಲೇ ನಿಂತು ನೋಡಿ."

ಚೀಟಿ ಮೇಜಿನ ಒತ್ತಿಗೆ, ಮೊನ್ನೆ ಮೊನ್ನೆ ಯಜಮಾನ ತಾನೇ ಮುಂದೆ ನಿಂತು, ಆ ಕಡೆ ತಳ್ಳು ಈ ಕಡೆ ತಳ್ಳು ಅಂತ ಕೂಗಾಡಿ ಕೂರಿಸಿದ್ದ ಹೊಸ ಆವಿ ಇಸ್ತ್ರಿ ಯಂತ್ರ ಇತ್ತು. ಆನೆಯಷ್ಟು ದೊಡ್ಡದು. ಬೆಳಿಗ್ಗೆ ಆವಿಯೆಲ್ಲ ಒಗೆಯೋದಕ್ಕೆ ಹೋಗೋದ್ರಿಂದ ಇದು ಸುಮ್ನಿರುತ್ತೆ, ಊಟ ಆದ್ಮೇಲೆ ಬುಸ್ ಅನ್ನೋಕೆ ಶುರು. ಯಜಮಾನ ಮೇಜಿನ ಮುಂದೆ ನಿಂತ. ಬುಸ್ ಅಂತು. ಅವನ ಕನ್ನಡಕ ಮಂಜಾಯ್ತು. ತೆಗೆದು ಅಂಗಿಗೆ ಒರೆಸಿ ಹಾಕ್ಕೊಂಡ, ಮತ್ತೆ ಮಂಜಾಯ್ತು. ಭಾವ ಪಕ್ಕದಲ್ಲಿ ಕಂಕುಳಲ್ಲಿ ಕೈ ಇಟ್ಕೊಂಡೇ ಇದ್ದ. ಗಾಜಿನ ಕಣ್ಣು ಮಾತ್ರ ಒರೆಸೋರಿಲ್ಲದೆ ಬೆವರು ಸುರಿಸ್ತಾ ಕೂತಿತ್ತು.

ಯಜಮಾನ ಕನ್ನಡಕ ಕೈಯಲ್ಲಿ ಹಿಡ್ಕೊಂಡು, ಕಣ್ಣು ಕಿರಿದು ಮಾಡಿ, ಗೋಡೆ ತಡವ್ತಾ ಹೊರಟುಹೋದ. ಸಂಜೆ ಹೊತ್ತಿಗೆ ಆಳುಗಳು ಬಂದು ಆನೆಯನ್ನ ಆಚೆ ಮೂಲೆಗೆ ತಳ್ಳಿದ್ರು. ವಾರ ಮುಗೀತು, ಭಾವ ಮೇಜಿನ ಹತ್ರಾನೇ ಇದ್ದ. ಬೇರೆ ಕೆಲಸ ನೋಡ್ಕೋ ಅನ್ನೋ ಮಾತು ಯಾರೂ ಎತ್ತಲಿಲ್ಲ.

ಭಾವನಿಗೆ ಸಮಾಧಾನ ಇರಲಿಲ್ಲ. ಗಾಜಿನ ಕಣ್ಣು ಒರೆಸ್ತಾ ಕೇಳಿದ, "ತಪ್ಪು ನಂದಲ್ಲ ಅಂತ ಒಂದು ಮಾತು ಆಡಬಾರದಾ ಯಜಮಾನ?"

"ಬಾಯಲ್ಲಿ ತುಂಬ್ಕೊಂಡಿದ್ದಾರೆ ಭಾವ," ಅಂದ್ಳು ಪೆಟ್ಟಿಗೆಯಮ್ಮ. "ಕೆನ್ನೆ ಉಬ್ಬಲಿ, ಕಾಯೋಣ. ಆ ತನಕ ಅವರ ಯಾವ ಗುಂಡೀನೂ ಒತ್ತೋಕೆ ಹೋಗ್ಬೇಡಿ."